ಚೀನೀ ಭಾಷೆಗೆ ತಂದ ಕಾಗ್ನಿಟಿವ್ ಪರೀಕ್ಷೆ: ರೋಗಿಗಳಿಗೂ ಆರೋಗ್ಯವಂತರಿಗೂ ಅಂತರ ಕಂಡರೆ ಸಾಕೇ?

ತುಂಗಾತೀರ (ಪ್ರಶ್ನೆ)

ಸ್ಕಿಜೋಫ್ರೀನಿಯಾ ಇರುವವರ ನೆನಪು, ಗಮನ, ಯೋಚನೆಯ ವೇಗ ಅಳೆಯುವ ಒಂದು ಬ್ಯಾಟರಿಯ (ಹಲವು ಪರೀಕ್ಷೆಗಳ ಗುಚ್ಛದ) ಚೀನೀ ಆವೃತ್ತಿಯನ್ನು ಔಷಧ ಪ್ರಯೋಗವೊಂದಕ್ಕೆ ಸಿದ್ಧಪಡಿಸಬೇಕಾಗಿದೆ. ರೋಗಿಗಳು ಚೀನಾದ ಮುಖ್ಯಭೂಮಿ, ತೈವಾನ್, ಹಾಂಗ್‌ಕಾಂಗ್ ಮೂರೂ ಕಡೆಯವರು. ಅಂಕಿಅಂಶದ ಕೆಲಸ ಮಾತ್ರ ಬೆಂಗಳೂರಿನಲ್ಲಿ ಆಗುತ್ತದೆ. ಬ್ಯಾಟರಿ ಬಿಎಸಿಎಸ್ (ಸ್ಕಿಜೋಫ್ರೀನಿಯಾಕ್ಕೆಂದೇ ಇರುವ ಚಿಕ್ಕ ಪರೀಕ್ಷಾಗುಚ್ಛ) ಮಾದರಿಯದು: ಪದಪಟ್ಟಿ ಕಲಿಯುವುದು, ಕೇಳಿದ ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಹೇಳುವುದು, ಬಿಲ್ಲೆ ಎತ್ತಿ ಹಾಕುವುದು, ಒಂದು ನಿಮಿಷದಲ್ಲಿ ಆದಷ್ಟು ಪದ ಹೇಳುವುದು, ಚಿಹ್ನೆಗೆ ತಕ್ಕ ಅಂಕಿ ಬರೆಯುವುದು, ಟವರ್ ಒಗಟು (ಚೆಂಡುಗಳನ್ನು ಎಷ್ಟು ನಡೆಯಲ್ಲಿ ಜೋಡಿಸಬಹುದೆಂದು ಹೇಳುವುದು).

ಈಗಿನ ಯೋಜನೆಯಲ್ಲಿ ಬರೆದಿರುವುದು ಇಷ್ಟು: ಅನುವಾದ, ಹಿಮ್ಮುಖ ಅನುವಾದ (ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದೊಂದಿಗೆ ಹೋಲಿಸುವುದು), ಆಮೇಲೆ 30 ರೋಗಿಗಳು ಮತ್ತು 30 ಆರೋಗ್ಯವಂತರ ಸರಾಸರಿ ಹೋಲಿಕೆ, ಎರಡು ವಾರ ಬಿಟ್ಟು ಮರುಪರೀಕ್ಷೆ. ಎರಡು ಗುಂಪಿನ ನಡುವೆ ಸ್ಪಷ್ಟ ಅಂತರ ಬಂದು, ಮರುಪರೀಕ್ಷೆಯ ಐಸಿಸಿ (ಎರಡು ಸಲದ ಅಂಕ ಎಷ್ಟು ಹೊಂದುತ್ತದೆ ಅನ್ನುವ ಅಳತೆ, 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು) 0.80 ಬಂದರೆ ‘ಮಾನ್ಯ’ ಎಂದು ಬರೆಯಬಹುದೇ? ಮೂರೂ ಕಡೆಗೆ ಒಂದೇ ಆವೃತ್ತಿ ಇಟ್ಟು ಲಿಪಿ ಮಾತ್ರ ಬದಲಿಸಿದರೆ ನಡೆಯುತ್ತದೆಯೇ? ಯೋಜನೆ ಇನ್ನೂ ಸಹಿಗೆ ಹೋಗಿಲ್ಲ, ತಿದ್ದಲು ಅವಕಾಶವಿದೆ.

ಅಳತೆಗೋಲು

ತಿದ್ದಲು ಅವಕಾಶವಿದೆ ಅಂದಿರಲ್ಲ, ಅದು ದೊಡ್ಡ ಸಮಾಧಾನ. ಮೊದಲನೆಯದಕ್ಕೆ ನೇರ ಉತ್ತರ: ಸಾಲದು.

ರೋಗಿಗಳ ಅಂಕ ಕಡಿಮೆ ಬಂತು ಅಂದಮಾತ್ರಕ್ಕೆ ಅನುವಾದ ಸರಿಯಿದೆ ಅಂತಾಗುವುದಿಲ್ಲ. ಸ್ಕಿಜೋಫ್ರೀನಿಯಾದಲ್ಲಿ ಹೆಚ್ಚುಕಡಿಮೆ ಯಾವ ಕಾಗ್ನಿಟಿವ್ ಪರೀಕ್ಷೆ ಕೊಟ್ಟರೂ ಅಂತರ ಕಾಣುತ್ತದೆ. 2007ರಲ್ಲಿ ಡಿಕಿನ್ಸನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಚಿಹ್ನೆ-ಅಂಕಿ ಪರೀಕ್ಷೆಯಲ್ಲಿ ಆ ಅಂತರ 1.57 ಎಸ್‌ಡಿಯಷ್ಟಿತ್ತು (ಎಸ್‌ಡಿ ಅಂದರೆ ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಚದುರುತ್ತವೆ ಅನ್ನುವ ಅಳತೆ). ಅಷ್ಟು ದೊಡ್ಡ ಅಂತರ ಕೆಟ್ಟ ಅನುವಾದದಲ್ಲೂ ಉಳಿದುಕೊಳ್ಳುತ್ತದೆ. ಇನ್ನೂ ಅಪಾಯದ ಮಾತೆಂದರೆ, ಕೆಟ್ಟ ಅನುವಾದ ಆ ಅಂತರವನ್ನು ಹಿಗ್ಗಿಸಿ ತೋರಿಸುತ್ತದೆ.

ಲೆಕ್ಕ ಹಾಕಿ ನೋಡಿ. ಎರಡೂ ಗುಂಪಿನ ನಿಜವಾದ ಸಾಮರ್ಥ್ಯ ಒಂದೇ ಅಂತಿಟ್ಟುಕೊಳ್ಳಿ, ಸರಾಸರಿ 50, ಎಸ್‌ಡಿ 10. ಸೂಚನೆ ಗೊಂದಲವಾಗಿದ್ದು, ಅರ್ಥವಾಗದವರು 20 ಅಂಕ ಕಳೆದುಕೊಳ್ಳುತ್ತಾರೆ. ಆರೋಗ್ಯವಂತರಲ್ಲಿ ಅಂಥವರು 100ಕ್ಕೆ 2, ರೋಗಿಗಳಲ್ಲಿ 100ಕ್ಕೆ 20. ರೋಗಿಗಳ ಸರಾಸರಿ 46ಕ್ಕೆ ಇಳಿಯಿತು, ಆರೋಗ್ಯವಂತರದು 49.6ರಲ್ಲಿ ನಿಂತಿತು. ಸಾಮರ್ಥ್ಯದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದೆ 3.6 ಅಂಕದ ಅಂತರ ಹುಟ್ಟಿಕೊಂಡಿತು. ಇದು ವಾಕ್ಯರಚನೆಯ ತಪ್ಪು, ಆದರೆ ವರದಿಯಲ್ಲಿ ಬರುವಾಗ ರೋಗದ ಲಕ್ಷಣವಾಗಿ ಬರುತ್ತದೆ. ಪ್ರಯೋಗದ ನಡುವೆ ಇನ್ನೊಂದು ತೊಂದರೆ: ಎರಡನೇ ಸಲಕ್ಕೆ ಅದೇ ಜನಕ್ಕೆ ಸೂಚನೆ ಅರ್ಥವಾಗಿಬಿಡುತ್ತದೆ, ಅಂಕ ಏರುತ್ತದೆ, ಅದು ಔಷಧದ ಗುಣವಾಗಿ ಕಾಣಬಹುದು.

ಹಾಗಾಗಿ ಅಂಕ ಎಣಿಸುವ ಮೊದಲು ಸೂಚನೆಯನ್ನು ಪರೀಕ್ಷಿಸಿ. ಪ್ರತಿ ಪ್ರದೇಶದಲ್ಲೂ 8ರಿಂದ 10 ರೋಗಿಗಳು, ಅವರಲ್ಲಿ ಕನಿಷ್ಠ ಮೂವರು ಪ್ರಾಥಮಿಕ ಶಾಲೆ ದಾಟದವರಾಗಿರಲಿ. ಸೂಚನೆ ಓದಿದ ಮೇಲೆ ‘ಅರ್ಥವಾಯಿತೇ?’ ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಈಗ ನೀವು ಏನು ಮಾಡಬೇಕು, ನಿಮ್ಮ ಮಾತಲ್ಲೇ ಹೇಳಿ’ ಅನ್ನಬೇಕು. ಉತ್ತರವನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಬೇಕು. ಇಬ್ಬರು ಒಂದೇ ಕಡೆ ಎಡವಿದರೆ ಆ ವಾಕ್ಯ ತಿದ್ದಿ, ಹೊಸಬರ ಮೇಲೆ ಮತ್ತೆ ನೋಡಿ. ಅಂಕಪಟ್ಟಿಯಲ್ಲೂ ಒಂದು ಕಾಲಂ ಸೇರಿಸಿ: ಅಭ್ಯಾಸದ ಪ್ರಶ್ನೆಯಲ್ಲಿ ಸೂಚನೆಯನ್ನು ಎಷ್ಟು ಸಲ ಮತ್ತೆ ಹೇಳಬೇಕಾಯಿತು. ಮುಖ್ಯ ಅಧ್ಯಯನ ಮುಗಿದ ಮೇಲೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಕಾಲಂ ಅದೇ.

ಹಿಮ್ಮುಖ ಅನುವಾದವನ್ನು ನಂಬಿ ಕೂರಬೇಡಿ. ಪದಕ್ಕೆ ಪದ ಇಟ್ಟ ಒರಟು ಅನುವಾದವೇ ಮೂಲಕ್ಕೆ ಅತ್ಯಂತ ಚೆನ್ನಾಗಿ ಮರಳುತ್ತದೆ. ಕನ್ನಡದಲ್ಲಿ ‘ಈ ಪದಗಳನ್ನು ಪುನರುಚ್ಚರಿಸತಕ್ಕದ್ದು’ ಅಂತ ಬರೆದರೆ ಇಂಗ್ಲಿಷಿಗೆ ಚಾಚೂ ತಪ್ಪದೆ ಹಿಂದಿರುಗುತ್ತದೆ, ಆದರೆ ಎದುರು ಕೂತವರಿಗೆ ಹೇಳಬೇಕಾದದ್ದು ‘ಈ ಪದಗಳನ್ನು ಮತ್ತೆ ಹೇಳಿ’. ಇಬ್ಬರು ಬೇರೆಬೇರೆಯಾಗಿ ಅನುವಾದಿಸಲಿ. ಒಬ್ಬರಾದರೂ ರೋಗಿಗಳನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿದವರಾಗಿರಲಿ. ಎರಡನ್ನೂ ಮುಂದಿಟ್ಟುಕೊಂಡು ಮೂರನೆಯವರು ಒಂದು ಮಾಡಲಿ, ಪ್ರತಿ ಆಯ್ಕೆಗೂ ಕಾರಣ ದಾಖಲಾಗಲಿ. ಪ್ರಮಾಣಪತ್ರಕ್ಕಿಂತ ಆ ದಾಖಲೆ ಮುಖ್ಯ. ಅಂತರರಾಷ್ಟ್ರೀಯ ಪರೀಕ್ಷಾ ಆಯೋಗದ 2017ರ ಮಾರ್ಗಸೂಚಿಯೂ ಇಂಥ ದಾಖಲೆಯನ್ನೇ ಕೇಳುತ್ತದೆ.

ಸ್ವರಭಾರ

ಎರಡನೇ ಪ್ರಶ್ನೆ ನನ್ನ ಕ್ಷೇತ್ರದ್ದು. ಲಿಪಿ ಮಾತ್ರ ಬದಲಿಸಿದರೆ ನಡೆಯುವುದಿಲ್ಲ. ಮುಖ್ಯಭೂಮಿಯಲ್ಲಿ ಸರಳೀಕೃತ ಲಿಪಿ, ತೈವಾನ್ ಮತ್ತು ಹಾಂಗ್‌ಕಾಂಗ್‌ನಲ್ಲಿ ಸಾಂಪ್ರದಾಯಿಕ ಲಿಪಿ, ಅದು ನಿಜ. ಆದರೆ ಈ ಬ್ಯಾಟರಿಯಲ್ಲಿ ರೋಗಿ ಓದುವುದಕ್ಕಿಂತ ಕೇಳುವುದೇ ಹೆಚ್ಚು. ಹಾಂಗ್‌ಕಾಂಗ್‌ನಲ್ಲಿ ಬರೆಯುವುದು ಪ್ರಮಾಣ ಚೀನೀ, ಮಾತಾಡುವುದು ಕ್ಯಾಂಟನೀಸ್. ‘ಅಲ್ಲ’ ಅನ್ನುವಲ್ಲಿ ಬರಹದಲ್ಲಿ ಮ್ಯಾಂಡರಿನ್‌ನವರು (ಪ್ರಮಾಣ ಚೀನೀ ಮಾತಾಡುವವರು) ‘ಬು’ ಅನ್ನುವ ಅಕ್ಷರ, ಮಾತಿನಲ್ಲಿ ಬರೀ ‘ಮ್’. ಸೂಚನೆಯನ್ನು ಬರಹದ ಭಾಷೆಯಲ್ಲೇ ಕೊಟ್ಟರೆ ಪರೀಕ್ಷಕರು ಓದುತ್ತಾ ಓದುತ್ತಾ ಆಡುಮಾತಿಗೆ ತಿರುಗಿಸುತ್ತಾರೆ, ಒಬ್ಬೊಬ್ಬರು ಒಂದೊಂದು ರೀತಿ. ಏಕರೂಪತೆ ಅಲ್ಲೇ ಹೋಯಿತು. ಹಾಂಗ್‌ಕಾಂಗ್‌ಗೆ ಸೂಚನೆಗಳನ್ನು ಆಡುಮಾತಿನ ಕ್ಯಾಂಟನೀಸ್‌ನಲ್ಲೇ, ಆಡಿದ ಹಾಗೇ ಬರೆಸಿ.

ಇನ್ನು ಒಂದೊಂದು ಪರೀಕ್ಷೆ.

ಅಂಕಿ. ಚೀನೀ ಅಂಕಿಗಳೆಲ್ಲ ಒಂದೇ ಉಸಿರಿನ ಒಂದಕ್ಷರದ ಪದಗಳು: ಯಿ, ಅರ್, ಸಾನ್, ಸಿ, ವು. ನಮ್ಮ ‘ಎರಡು’, ‘ಒಂಬತ್ತು’ ಹೇಳಿ ನೋಡಿ, ಮೂರು ಮೂರು ಅಕ್ಷರ. ಮನಸ್ಸಿನಲ್ಲಿ ಮೆಲುಕು ಹಾಕುವಾಗ ಚಿಕ್ಕ ಪದಗಳು ಹೆಚ್ಚು ಹಿಡಿಯುತ್ತವೆ, ಅದಕ್ಕೇ ಚೀನೀ ಮಾತಾಡುವವರ ಅಂಕಿಸರಣಿ ಇಂಗ್ಲಿಷ್ ಮಾತಾಡುವವರಿಗಿಂತ ಸಾಮಾನ್ಯವಾಗಿ ಒಂದೆರಡು ಅಂಕಿ ಉದ್ದ ಬರುತ್ತದೆ. ಮೂಲ ಪರೀಕ್ಷೆಯ ಅತಿ ಉದ್ದದ ಸರಣಿಯನ್ನೇ ಕೊನೆಯಾಗಿ ಇಟ್ಟರೆ ಆರೋಗ್ಯವಂತ ಯುವಕರು ಮೇಲ್ಛಾವಣಿಗೆ ತಲೆ ತಾಗಿಸುತ್ತಾರೆ, ಅಲ್ಲಿಂದ ಮೇಲೆ ಯಾರು ಎಷ್ಟು ಅಂತ ಗೊತ್ತಾಗುವುದಿಲ್ಲ. ಪ್ರಾಯೋಗಿಕ ಸುತ್ತಿನಲ್ಲಿ ಪೂರ್ಣ ಅಂಕ ಪಡೆದವರು 100ಕ್ಕೆ 15ಕ್ಕಿಂತ ಹೆಚ್ಚಿದ್ದರೆ ಹಕ್ಕುದಾರರ ಒಪ್ಪಿಗೆ ಪಡೆದು ಉದ್ದದ ಸರಣಿ ಸೇರಿಸಬೇಕು.

ಮ್ಯಾಂಡರಿನ್‌ನಲ್ಲಿ 1 ‘ಯಿ’, 7 ‘ಛಿ’. ಎರಡಕ್ಕೂ ಒಂದೇ ಸ್ವರ, ಒಂದೇ ಟೋನ್ (ಪದದ ಅರ್ಥ ಬದಲಿಸುವ ದನಿಯ ಏರಿಳಿತ). ಕ್ಯಾಂಟನೀಸ್‌ನಲ್ಲೂ ‘ಯಾತ್’, ‘ಚಾತ್’. ಗದ್ದಲದ ಕೋಣೆಯಲ್ಲಿ ಇವು ಅದಲುಬದಲಾಗುತ್ತವೆ. ಫೋನ್ ನಂಬರ್ ಹೇಳುವಾಗ ಮುಖ್ಯಭೂಮಿಯವರು 1ಕ್ಕೆ ‘ಯಾವ್’ ಅನ್ನುವುದು ಇದೇ ಕಾರಣಕ್ಕೆ. ಪರೀಕ್ಷೆಯಲ್ಲಿ ಯಾವುದನ್ನು ಹೇಳಬೇಕು ಅಂತ ಕೈಪಿಡಿಯಲ್ಲೇ ಬರೆದಿರಬೇಕು, ರೋಗಿ ‘ಯಾವ್’ ಅಂದರೂ ಸರಿ ಅಂತಲೂ ಬರೆದಿರಬೇಕು. ಇನ್ನೊಂದು: ಪದ ಚಿಕ್ಕದಾದಾಗ ಪರೀಕ್ಷಕರ ನಾಲಿಗೆ ಓಡುತ್ತದೆ. ಸೆಕೆಂಡಿಗೆ ಒಂದು ಅಂಕಿ ಅಂದರೆ ನಿಮಿಷಕ್ಕೆ 60ರ ಮೆಟ್ರೊನೋಮ್ ಹಾಕಿ ಅಭ್ಯಾಸ ಮಾಡಿಸಿ, ಇಲ್ಲವೇ ಧ್ವನಿಮುದ್ರಣ ಬಳಸಿ.

ಪದಪಟ್ಟಿ. ದಯವಿಟ್ಟು ಪಟ್ಟಿಯ ಪದಗಳನ್ನು ಇಲ್ಲಿ ಹಾಕಬೇಡಿ, ಬಹಿರಂಗವಾದರೆ ಪರೀಕ್ಷೆಯೇ ಕೆಡುತ್ತದೆ. ಪದವನ್ನು ಅನುವಾದಿಸಿದರೆ ಅದರ ಬಳಕೆಯ ಪ್ರಮಾಣ ಜೊತೆಗೆ ಬರುವುದಿಲ್ಲ. ಇಂಗ್ಲಿಷ್‌ನಲ್ಲಿ ಮಗುವಿಗೂ ಗೊತ್ತಿರುವ ಪದ ಚೀನೀಯಲ್ಲಿ ಪುಸ್ತಕದ ಪದವಾಗಬಹುದು, ಎರಡಕ್ಷರದ ಜಾಗದಲ್ಲಿ ನಾಲ್ಕಕ್ಷರ ಕೂರಬಹುದು. ಮರುಪರೀಕ್ಷೆಗೆ ಪದ ಬದಲಿಸಲು ಇರುವ ಎ ಮತ್ತು ಬಿ ಪಟ್ಟಿ ಮೂಲದಲ್ಲಿ ಸಮಾನವಾಗಿದ್ದವು ಅಂತ ಅನುವಾದದಲ್ಲೂ ಸಮಾನ ಅಂದುಕೊಳ್ಳುವುದೇ ದೊಡ್ಡ ತಪ್ಪು. ಎಲ್ಲ ಪದಗಳೂ ಎರಡಕ್ಷರದವಾಗಿರಲಿ. ಬಳಕೆಯ ಪ್ರಮಾಣಕ್ಕೆ ಸಿನಿಮಾ ಉಪಶೀರ್ಷಿಕೆಗಳಿಂದ 2010ರಲ್ಲಿ ಕಟ್ಟಿದ ಸಬ್‌ಟ್ಲೆಕ್ಸ್-ಸಿಎಚ್ ಇದೆ, 3 ಕೋಟಿ 35 ಲಕ್ಷ ಪದಗಳ ಸಂಗ್ರಹ. ಅದು ಮ್ಯಾಂಡರಿನ್‌ನದು, ಕ್ಯಾಂಟನೀಸ್ ಪಟ್ಟಿಗೆ ಅದೇ ಸಂಖ್ಯೆ ಹಾಕಬೇಡಿ.

ಧ್ವನಿಯ ತೊಡಕೂ ಇದೆ. ‘ಯೆನ್-ಜಿಂಗ್’ ಅಂದರೆ ಕಣ್ಣು. ಎರಡನೇ ಅಕ್ಷರದ ಟೋನ್ ಬದಲಾದರೆ ಕನ್ನಡಕ. ರೋಗಿ ಹಾಗೆ ಮೆಲ್ಲಗೆ ಅಂದಾಗ ಒಬ್ಬ ಪರೀಕ್ಷಕ ಅಂಕ ಕೊಡುತ್ತಾನೆ, ಇನ್ನೊಬ್ಬ ಕೊಡುವುದಿಲ್ಲ. ಟೋನ್ ಬದಲಾದರೆ ಇನ್ನೊಂದು ಸಾಮಾನ್ಯ ಪದವಾಗುವಂಥವನ್ನು ಪಟ್ಟಿಯಿಂದಲೇ ತೆಗೆದುಬಿಡಿ.

ಒಂದು ನಿಮಿಷದ ಪದಗಳು. ಅಕ್ಷರ ಕೊಟ್ಟು ಪದ ಹೇಳಿಸುವ ಭಾಗ ಚೀನೀಯಲ್ಲಿ ನಿಲ್ಲುವುದಿಲ್ಲ, ಅಲ್ಲಿ ವರ್ಣಮಾಲೆಯೇ ಇಲ್ಲ. ನಮ್ಮಲ್ಲಿ ನಿಮ್ಹಾನ್ಸ್ ಬ್ಯಾಟರಿಯಲ್ಲಿ ಕ, ಪ, ಮ ಇಟ್ಟುಕೊಂಡು ದಾರಿ ಮಾಡಿಕೊಂಡರು, ಚೀನೀಯಲ್ಲಿ ಅಷ್ಟು ಸುಲಭವಿಲ್ಲ. ಮುಖ್ಯಭೂಮಿಯ ಮಕ್ಕಳು ಪಿನ್‌ಯಿನ್ (ರೋಮನ್ ಅಕ್ಷರದಲ್ಲಿ ಉಚ್ಚಾರ ಬರೆಯುವ ಕ್ರಮ) ಕಲಿಯುತ್ತಾರೆ, ತೈವಾನಿನವರು ಝೂಯಿನ್ ಅನ್ನುವ ಬೇರೆಯೇ ಧ್ವನಿಚಿಹ್ನೆ ಕಲಿಯುತ್ತಾರೆ, ಹಾಂಗ್‌ಕಾಂಗ್‌ನಲ್ಲಿ ಕ್ಯಾಂಟನೀಸ್‌ಗೆ ಅಂಥದ್ದನ್ನು ಶಾಲೆಯಲ್ಲಿ ಕಲಿಸುವ ರೂಢಿಯಿಲ್ಲ, ಅಕ್ಷರವನ್ನೇ ಇಡಿಯಾಗಿ ಕಲಿಯುತ್ತಾರೆ. ‘ಈ ಧ್ವನಿಯಿಂದ ಶುರುವಾಗುವ ಪದ’ ಅನ್ನುವ ಪ್ರಶ್ನೆ ಮೂರು ಕಡೆ ಮೂರು ಬಗೆಯ ಕೆಲಸವಾಗುತ್ತದೆ. ಪ್ರಾಣಿಗಳಂಥ ವರ್ಗವನ್ನು ಮಾತ್ರ ಉಳಿಸಿಕೊಳ್ಳಿ. ಸ್ಕಿಜೋಫ್ರೀನಿಯಾಕ್ಕೆ ಬಳಸುವ ಇನ್ನೊಂದು ಬ್ಯಾಟರಿಯಾದ ಎಂಸಿಸಿಬಿಯಲ್ಲಿ ಅಕ್ಷರ-ಅಂಕಿ ಸರಣಿಯನ್ನು ಮುಖ್ಯಭೂಮಿಯಲ್ಲಿ ಬಿಟ್ಟು, ಹತ್ತರ ಬದಲು ಒಂಬತ್ತು ಪರೀಕ್ಷೆಗಳಲ್ಲೇ ನಡೆಸುವುದೂ ಇದೇ ಕಷ್ಟದಿಂದ. ಮರೆವಿನ ತಪಾಸಣೆಗೆ ಬಳಸುವ ಎಂಒಸಿಎ ಪರೀಕ್ಷೆಯ ಹಾಂಗ್‌ಕಾಂಗ್ ಆವೃತ್ತಿಯಲ್ಲಿ ಎ-ಬಿ-ಸಿ ಬದಲು ಚೀನೀ ಕ್ರಮಸೂಚಕಗಳನ್ನು ಇಟ್ಟಿದ್ದಾರೆ: ಜ್ಯಾ, ಯಿ, ಬಿಂಗ್, ಡಿಂಗ್, ವು. ಅಲ್ಲಿ ಐದೇ ಬೇಕು, ನಡೆಯುತ್ತದೆ. ಇಂಥವು ಒಟ್ಟು ಹತ್ತಿವೆ. ನಾಲ್ಕರ ತನಕ ಎಲ್ಲರ ಬಾಯಲ್ಲೂ ಸರಾಗ, ಆಮೇಲಿನವು ಓದು ಕಡಿಮೆ ಇರುವವರಿಗೆ ತಡವರಿಸುತ್ತವೆ. ಹತ್ತನ್ನೂ ಬಳಸಿ ಟ್ರೇಲ್-ಬಿ (ಅಂಕಿ, ಅಕ್ಷರಗಳನ್ನು ಒಂದಾದ ಮೇಲೊಂದು ಗೆರೆ ಎಳೆದು ಜೋಡಿಸುವ ಪರೀಕ್ಷೆ) ಮಾಡಿದರೆ ಅಳೆಯುವುದು ಶಾಲೆಯನ್ನು.

ಪ್ರಾಣಿಗಳಿಗೂ ಅಂಕದ ನಿಯಮ ಗಟ್ಟಿಯಾಗಿರಲಿ. ಚೀನೀ ರಾಶಿಚಕ್ರದ ಹನ್ನೆರಡು ಪ್ರಾಣಿಗಳ ಸಾಲು ಹಲವರಿಗೆ ಬಾಯಿಪಾಠ. ಇಲಿ, ಎತ್ತು, ಹುಲಿ, ಮೊಲ ಅಂತ ಶುರುಮಾಡಿದವರು ಹುಡುಕುತ್ತಿಲ್ಲ, ಒಪ್ಪಿಸುತ್ತಿದ್ದಾರೆ. ಅಂಕ ಕೊಡಿ, ಆದರೆ ಮೊದಲ 15 ಸೆಕೆಂಡನ್ನು ಬೇರೆಯಾಗಿ ಎಣಿಸಿಡಿ. ಆ ಸಾಲಿನ ಐದನೆಯದು ಡ್ರ್ಯಾಗನ್, ಅದಕ್ಕೆ ಅಂಕ ಉಂಟೇ ಇಲ್ಲವೇ ಅಂತ ಮೊದಲೇ ಬರೆದಿಡಿ. ಹುಂಜ ‘ಗೊಂಗ್-ಜಿ’, ಹೇಂಟೆ ‘ಮು-ಜಿ’, ಮರಿ ‘ಶ್ಯಾವ್-ಜಿ’: ಮೂರಕ್ಕೂ ಬುಡ ಒಂದೇ. ಇದು ಒಂದು ಅಂಕವೋ ಮೂರೋ? ಆಡು, ಕುರಿ ಎರಡರ ಹೆಸರಲ್ಲೂ ‘ಯಾಂಗ್’ ಇದೆ, ಆದರೆ ಅವು ಬೇರೆಬೇರೆ ಪ್ರಾಣಿಗಳು, ಎರಡು ಅಂಕ. ಇಂಥ ಮೂವತ್ತು ನಲವತ್ತು ತೀರ್ಮಾನಗಳ ಪಟ್ಟಿ ಇಲ್ಲದೆ ಕೇಂದ್ರಗಳ ಅಂಕ ಕೂಡಿಸಲಾಗದು.

ಬಿಲ್ಲೆ, ಚಿಹ್ನೆ, ಟವರ್ ಮೂರಕ್ಕೂ ಭಾಷೆಯ ಭಾರ ಕಡಿಮೆ. ಸೂಚನೆ ಸರಿಯಿದ್ದರೆ ಸಾಕು.

ತುಂಗಾತೀರ

ಇಷ್ಟು ವಿವರಕ್ಕೆ ತುಂಬಾ ಧನ್ಯವಾದ ಇಬ್ಬರಿಗೂ. ಆವೃತ್ತಿ ಮೂರು ಅಂತಾಯಿತು. ಹಾಗಾದರೆ ಸಂಖ್ಯೆ ಎಷ್ಟಿರಬೇಕು? ಟಿ-ಅಂಕಕ್ಕೆ ಅಮೆರಿಕದ ನಾರ್ಮ್ (ಆರೋಗ್ಯವಂತರ ಅಂಕಗಳ ಹೋಲಿಕೆ ಪಟ್ಟಿ) ಹಾಕಬಹುದೇ, ಅಥವಾ ಎಂಸಿಸಿಬಿಯ ಚೀನೀ ನಾರ್ಮ್ ನೋಡಿಕೊಂಡರೆ ಸಾಕೇ?

ಅಳತೆಗೋಲು

ಮೊದಲು ಐಸಿಸಿ. 30 ಜನರಲ್ಲಿ 0.80 ಬಂದರೆ ಅದರ ಶೇಕಡಾ 95ರ ವ್ಯಾಪ್ತಿ (ನಿಜವಾದ ಬೆಲೆ ಇರಬಹುದಾದ ಮಿತಿ) ಸುಮಾರು 0.62ರಿಂದ 0.90. ಅಂದರೆ ಪರೀಕ್ಷೆ ಚೆನ್ನಾಗಿಯೂ ಇರಬಹುದು, ಕೆಲಸಕ್ಕೆ ಬಾರದ್ದೂ ಆಗಿರಬಹುದು. 60 ಜನರಾದರೆ 0.69ರಿಂದ 0.88. ಪ್ರತಿ ಆವೃತ್ತಿಗೂ ಸ್ಥಿರ ಸ್ಥಿತಿಯ 60 ರೋಗಿಗಳಾದರೂ ಬೇಕು, 100 ಸಿಕ್ಕರೆ ನೆಮ್ಮದಿ. ಐಸಿಸಿಯಲ್ಲಿ ‘ಪೂರ್ಣ ಹೊಂದಿಕೆ’ಯ ಬಗೆಯನ್ನೇ ಆರಿಸಿ, ‘ಸ್ಥಿರತೆ’ಯ ಬಗೆ ಆರಿಸಿದರೆ ಎಲ್ಲರಿಗೂ ಐದೈದು ಅಂಕ ಏರಿದ್ದರೂ ಅದು ಕಾಣುವುದಿಲ್ಲ. ಎರಡು ವಾರದ ಅವಧಿ ಪದಪಟ್ಟಿಗೆ ಕಡಿಮೆ. ಮ್ಯಾಟ್ರಿಕ್ಸ್ ಎಂಬ ಅಮೆರಿಕದ ಯೋಜನೆಯವರು ಎಂಸಿಸಿಬಿ ಕಟ್ಟುವಾಗ 176 ರೋಗಿಗಳನ್ನು ಪರೀಕ್ಷಿಸಿ, ಅವರಲ್ಲಿ 167 ಜನರನ್ನು ನಾಲ್ಕು ವಾರ ಬಿಟ್ಟು ಮತ್ತೆ ನೋಡಿದರು, ನೀವೂ ಅದನ್ನೇ ಇಟ್ಟುಕೊಳ್ಳಿ. ಅರ್ಧ ಜನಕ್ಕೆ ಮೊದಲು ಎ ಪಟ್ಟಿ, ಅರ್ಧ ಜನಕ್ಕೆ ಮೊದಲು ಬಿ. ಪಟ್ಟಿಗಳು ಸಮಾನವೇ ಅನ್ನುವುದೂ ಅದರಿಂದಲೇ ತಿಳಿಯುತ್ತದೆ.

ಅಮೆರಿಕದ ನಾರ್ಮ್ ಬೇಡ. ಟಿ-ಅಂಕ ಅಂದರೆ ಇವರು ತಮ್ಮವರ ಸರಾಸರಿಯಿಂದ ಎಷ್ಟು ದೂರ ಅನ್ನುವ ಮಾತು. ‘ತಮ್ಮವರು’ ಬೇರೆ ದೇಶದವರಾದರೆ ಅಂಕಿಯಲ್ಲಿ ಎಲ್ಲರೂ ಮೇಲೆ ಹೋಗುತ್ತಾರೆ, ಪದಪಟ್ಟಿಯಲ್ಲಿ ಕಾರಣವಿಲ್ಲದೆ ಕೆಳಗಿಳಿಯಬಹುದು. ಎಂಸಿಸಿಬಿಗೆ 2015ರಲ್ಲಿ ಪ್ರಕಟವಾದ ಚೀನೀ ನಾರ್ಮ್ ಆರು ಕೇಂದ್ರಗಳ 656 ಆರೋಗ್ಯವಂತರದು. ಒಳ್ಳೆಯ ಮಾದರಿ, ಆದರೆ ಅದು ಆ ಪರೀಕ್ಷೆಗಳಿಗೆ, ಮುಖ್ಯಭೂಮಿಗೆ. ಅದನ್ನು ತೈವಾನ್, ಹಾಂಗ್‌ಕಾಂಗ್‌ಗೆ ಹೊದಿಸಬೇಡಿ.

ಶಿಕ್ಷಣದ ವರ್ಷಗಳನ್ನೂ ಒಂದೇ ಅಳತೆ ಅಂದುಕೊಳ್ಳಬೇಡಿ. ಒಂಬತ್ತು ವರ್ಷದ ಕಡ್ಡಾಯ ಶಿಕ್ಷಣ ತೈವಾನಿಗೆ 1968ರಲ್ಲಿ ಬಂತು, ಹಾಂಗ್‌ಕಾಂಗ್‌ಗೆ 1978ರಲ್ಲಿ, ಮುಖ್ಯಭೂಮಿಯಲ್ಲಿ ಕಾನೂನಾದದ್ದು 1986ರಲ್ಲಿ, ಹಳ್ಳಿ ತಲುಪಲು ಮತ್ತೂ ವರ್ಷಗಳು ಹಿಡಿದವು. 1960ರ ದಶಕದ ಮಧ್ಯದಲ್ಲಿ ಮುಖ್ಯಭೂಮಿಯಲ್ಲಿ ಹುಟ್ಟಿದವರ ಪ್ರಾಥಮಿಕ ಶಾಲೆ ಸಾಂಸ್ಕೃತಿಕ ಕ್ರಾಂತಿಯ ಕೊನೆಯ ವರ್ಷಗಳಲ್ಲಿ ಕಳೆಯಿತು. ಅವರ ‘ಐದು ವರ್ಷ’ವೂ 1990ರಲ್ಲಿ ಹುಟ್ಟಿದವರ ‘ಐದು ವರ್ಷ’ವೂ ಒಂದಲ್ಲ. ವಯಸ್ಸು, ಲಿಂಗ, ಓದಿನ ವರ್ಷ ಇವುಗಳ ಜೊತೆ ಬೆಳೆದದ್ದು ಹಳ್ಳಿಯಲ್ಲೋ ಪೇಟೆಯಲ್ಲೋ ಅಂತ ಬರೆದುಕೊಳ್ಳಿ. ಈಗ ಎಲ್ಲಿದ್ದಾರೆ ಅನ್ನುವುದಲ್ಲ, ಶಾಲೆಗೆ ಹೋಗುವಾಗ ಎಲ್ಲಿದ್ದರು ಅನ್ನುವುದು.

ರೋಗಿಗಳಿಗೂ ಆರೋಗ್ಯವಂತರಿಗೂ ಓದು ಸಮ ಮಾಡುವಾಗಲೂ ಎಚ್ಚರ ಬೇಕು. ಈ ರೋಗ ಹರೆಯದಲ್ಲೇ ಶುರುವಾಗಿ ಓದನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ರೋಗಿಯ ಓದಿಗೆ ಸರಿಹೊಂದುವ ಆರೋಗ್ಯವಂತರನ್ನು ಹುಡುಕಿದರೆ ಬೇರೆ ಕಾರಣಕ್ಕೆ ಹಿಂದೆ ಬಿದ್ದವರು ಸಿಗುತ್ತಾರೆ. ತಂದೆತಾಯಿಯ ಓದನ್ನು ಸಮ ಮಾಡುವುದು ಹೆಚ್ಚು ನ್ಯಾಯ.

ಮೂರು ಪ್ರದೇಶದ ಅಂಕ ಕೂಡಿಸುವ ಮೊದಲು ಅಳತೆಯ ಸಮಾನತೆ, ಅಂದರೆ ಪರೀಕ್ಷೆ ಮೂರೂ ಕಡೆ ಒಂದೇ ವಿಷಯವನ್ನು ಒಂದೇ ರೀತಿ ಅಳೆಯುತ್ತದೆಯೇ ಅಂತ, ನೋಡಲೇಬೇಕು. ಆರು ಉಪಪರೀಕ್ಷೆ, ಅವುಗಳ ಹಿಂದಿರುವ ಸಾಮರ್ಥ್ಯವಾಗಿ ಒಂದು ಅಂಶ. ರಚನೆ, ಹೊರೆ (ಉಪಪರೀಕ್ಷೆಗೂ ಅಂಶಕ್ಕೂ ಇರುವ ನಂಟಿನ ಬಲ), ಮೂಲಬಿಂದು (ಸಾಮರ್ಥ್ಯ ಒಂದೇ ಇದ್ದಾಗ ಬರುವ ಅಂಕ) ಮೂರೂ ಕಡೆ ಒಂದೇ ಅಂತ ಒಂದೊಂದೇ ಬಿಗಿ ಹಾಕುತ್ತಾ ಹೋಗಿ. ಪ್ರತಿ ಹೆಜ್ಜೆಗೂ ಸಿಎಫ್‌ಐ (ಈ ಲೆಕ್ಕ ನಿಜವಾದ ಅಂಕಗಳಿಗೆ ಎಷ್ಟು ಹೊಂದುತ್ತದೆ ಅನ್ನುವ ಸೂಚಿ) 0.01ಕ್ಕಿಂತ ಹೆಚ್ಚು ಕುಸಿಯಬಾರದು. ಪ್ರತಿ ಪ್ರದೇಶಕ್ಕೆ 200 ಜನ ಇದ್ದರೆ ಲೆಕ್ಕ ನಿಲ್ಲುತ್ತದೆ. ಮೂಲಬಿಂದುವಿನಲ್ಲಿ ಅಂಕಿ ಪರೀಕ್ಷೆಯೋ ಪದಪಟ್ಟಿಯೋ ಮುರಿದರೆ ಪ್ರದೇಶಗಳ ಸರಾಸರಿಯನ್ನು ಹೋಲಿಸುವಂತಿಲ್ಲ, ಪ್ರದೇಶದೊಳಗಿನ ಬದಲಾವಣೆಯನ್ನು ಮಾತ್ರ ಬಳಸಬಹುದು. ಔಷಧ ಪ್ರಯೋಗಕ್ಕೆ ಬಹುಪಾಲು ಅದೇ ಸಾಕು.

ಬೆಳಗಿನ_ಒಪಿಡಿ

ಕ್ಲಿನಿಕ್ ಕಡೆಯಿಂದ ಮೂರು ಮಾತು.

ಕೈನಡುಕ, ಬಿಗಿತಕ್ಕೆ ಟ್ರೈಹೆಕ್ಸಿಫೆನಿಡಿಲ್ ತೆಗೆದುಕೊಳ್ಳುತ್ತಿರುವವರ ಪದ ಕಲಿಕೆ ಆ ಮಾತ್ರೆಯಿಂದಲೇ ಕುಗ್ಗುತ್ತದೆ. ಬಿಗಿತ ಹಾಗೇ ಉಳಿದವರಿಗೆ ಬಿಲ್ಲೆ ಮತ್ತು ಚಿಹ್ನೆ ನಿಧಾನ. ಕೇಂದ್ರದಿಂದ ಕೇಂದ್ರಕ್ಕೆ ಮಾತ್ರೆಯ ರೂಢಿ ಬದಲಾದರೆ ಅದು ಭಾಷೆಯ ವ್ಯತ್ಯಾಸದಂತೆ ಕಾಣುತ್ತದೆ. ಔಷಧ, ಪ್ರಮಾಣ, ಪರೀಕ್ಷೆಗೆ ಎಷ್ಟು ಗಂಟೆ ಮೊದಲು ನುಂಗಿದರು, ಇಷ್ಟನ್ನೂ ಅಂಕಪಟ್ಟಿಯ ಮೊದಲ ಪುಟದಲ್ಲೇ ಬರೆಸಿ.

ಅಂಕ ಬದುಕಿಗೆ ಹೊಂದುತ್ತದೆಯೇ ಅಂತ ನೋಡಲು ಯುಪಿಎಸ್‌ಎ (ದಿನನಿತ್ಯದ ಕೆಲಸ ಮಾಡಿಸಿ ನೋಡುವ ಪರೀಕ್ಷೆ) ಹಾಕುವುದಾದರೆ ಅದರ ಹಣಕಾಸಿನ ಭಾಗ ನೋಡಿಕೊಳ್ಳಿ. ಚೆಕ್ ಬರೆಯುವ ಕೆಲಸ ಅದರಲ್ಲಿದೆ. ಮುಖ್ಯಭೂಮಿಯಲ್ಲಿ ಸಾಮಾನ್ಯ ಜನ ಚೆಕ್ ಬರೆಯುವುದೇ ಇಲ್ಲ, ಫೋನಿನಲ್ಲೇ ದುಡ್ಡು ಕೊಡುತ್ತಾರೆ. ಅಲ್ಲಿ ಎಡವಿದವರಿಗೆ ಬದುಕಿನ ಕೌಶಲ ಕಡಿಮೆ ಅಂತ ಬರೆದರೆ ಅದು ಅನ್ಯಾಯ.

ಮೂರನೆಯದು ಒಪ್ಪಿಗೆ ಪತ್ರ. ಸ್ಕಿಜೋಫ್ರೀನಿಯಾಕ್ಕೆ ಮುಖ್ಯಭೂಮಿಯಲ್ಲಿ ಇರುವ ಹೆಸರಿನ ಅರ್ಥ ಮನಸ್ಸು ಒಡೆದ ರೋಗ, ನಮ್ಮ ‘ಛಿದ್ರಮನಸ್ಕತೆ’ಯ ಹಾಗೇ. ತೈವಾನ್ 2014ರಲ್ಲಿ ಅದನ್ನು ಬಿಟ್ಟು ಯೋಚನೆ ಮತ್ತು ಗ್ರಹಿಕೆಯ ಹೊಂದಾಣಿಕೆ ತಪ್ಪುವುದು ಅನ್ನುವ ಅರ್ಥದ ಹೆಸರು ತಂದಿತು. ಅದೇ ಅಕ್ಷರಗಳನ್ನು ಹಾಂಗ್‌ಕಾಂಗ್‌ನಲ್ಲಿ 2001ರಲ್ಲಿ ಶುರುವಾದ ಈಸಿ (ಯುವಜನರ ಮನೋರೋಗವನ್ನು ಬೇಗ ಗುರುತಿಸುವ) ಕಾರ್ಯಕ್ರಮದ ಕಾಲದಿಂದ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಅನ್ನುವ ವಿಶಾಲ ಅರ್ಥಕ್ಕೆ ಬಳಸುತ್ತಾರೆ. ತೈವಾನಿನ ಪತ್ರವನ್ನು ಹಾಗೇ ಹಾಂಗ್‌ಕಾಂಗ್‌ಗೆ ಕಳಿಸಿದರೆ ಬೇರೆ ಬೇರೆ ಕಾಯಿಲೆಯವರೆಲ್ಲ ‘ಇದು ನನಗೂ ಸೇರಿದ್ದು’ ಅಂದುಕೊಂಡು ಬರುತ್ತಾರೆ. ಮುಖ್ಯಭೂಮಿಯ ಪತ್ರ ತೈವಾನಿಗೆ ಹೋದರೆ ಆ ಹಳೆಯ ಹೆಸರು ನೋಡಿಯೇ ಮನೆಯವರು ಎದ್ದು ಹೋಗಬಹುದು, ಅವರ ನೋವು ಅರ್ಥವಾಗುವಂಥದ್ದೇ.

ತುಂಗಾತೀರ

ಒಪ್ಪಿಗೆ ಪತ್ರದ ವಿಷಯ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಇವತ್ತೇ ತಿಳಿಸುತ್ತೇನೆ. ಮೂರು ಆವೃತ್ತಿ, ಸೂಚನೆಯ ಮಾತುಕತೆ ಮೊದಲು, ನಾಲ್ಕು ವಾರ, ಎ-ಬಿ ಅದಲುಬದಲು ಅಂತ ಯೋಜನೆ ತಿದ್ದಿ ಬರೆಯುತ್ತಿದ್ದೇನೆ. ಒಂದೇ ಸಂದೇಹ ಉಳಿದಿದೆ: ಮುಖ್ಯಭೂಮಿಯ ಗುವಾಂಗ್‌ಝೌ ಕೇಂದ್ರದಲ್ಲಿ ಮನೆಮಾತು ಕ್ಯಾಂಟನೀಸ್, ಶಾಲೆ ಮ್ಯಾಂಡರಿನ್. ಅವರಿಗೆ ಯಾವುದು?

ಸ್ವರಭಾರ

ಅಲ್ಲಿಗೆ ಹಾಂಗ್‌ಕಾಂಗ್ ಆವೃತ್ತಿ ಹಾಕಬೇಡಿ, ನಿತ್ಯಬಳಕೆಯ ಪದಗಳೂ ಲಿಪಿಯೂ ಬೇರೆ. ಮ್ಯಾಂಡರಿನ್ ಆವೃತ್ತಿಯನ್ನೇ ಇಟ್ಟು, ಪರೀಕ್ಷೆಗೆ ಮೊದಲು ಮೂರು ಪ್ರಶ್ನೆ ಕೇಳಿ: ಮನೆಯಲ್ಲಿ ಯಾವ ಮಾತು, ಲೆಕ್ಕ ಮಾಡುವಾಗ ಮನಸ್ಸಿನಲ್ಲಿ ಯಾವ ಮಾತು, ಹತ್ತು ವರ್ಷದ ತನಕ ಶಾಲೆಯಲ್ಲಿ ಯಾವ ಮಾತು. ಎರಡನೆಯದಕ್ಕೆ ಕ್ಯಾಂಟನೀಸ್ ಅಂದವರು ಅಂಕಿಗಳನ್ನು ಕ್ಯಾಂಟನೀಸ್‌ನಲ್ಲಿ ಹೇಳಿದರೂ ಸರಿ ಅಂತ ಕೈಪಿಡಿಯಲ್ಲಿ ಬರೆಯಿರಿ, ಯಾವ ಮಾತಿನಲ್ಲಿ ಹೇಳಿದರು ಅಂತ ಗುರುತು ಹಾಕಿ. ಮೊದಲ ಸಲ ಯಾವ ಮಾತಿನಲ್ಲಿ ಹೇಳಿದರೋ ಮರುಪರೀಕ್ಷೆಯಲ್ಲೂ ಅದೇ ಇರಲಿ. ಪರೀಕ್ಷಕರು ಎರಡೂ ಬಲ್ಲವರಾಗಿರಬೇಕು, ಆದರೆ ನಡುವೆ ಮಾತು ಬದಲಿಸಬಾರದು.